ಐದೂರ ಕಟ್ಟಿಯ ನೀಲಾಬಾಯಿ

ನೀಲಾಬಾಯಿಗೆ ಎರಡರ ಬಗ್ಗೆ ಜಂಬವಿತ್ತು. ಒಂದು ತನ್ನ ಬಾಯಿ, ಇನ್ನೊಂದು ತನ್ನ ಕಿವಿ. ಬಾಯಿಯ ಜಂಬವನ್ನು ಸೇಡಂನಿಂದ ಚಿಂಚೋಳಿಯವರೆಗೆ ಎಲ್ಲರೂ ಒಪ್ಪಿದ್ದರು. ಕಿವಿಯ ಜಂಬ ಮಾತ್ರ ಒಂದು ಫೋಟೊದ ಮುಂದೆ ಮುರಿದುಬಿತ್ತು.

ಕಿವಿಯ ಕತೆ ಹಳೆಯದು. ಅವಳು ಶಹಾಬಾದದ ಫರಸಿ ಖಣಿಯಲ್ಲಿ, ಅಂದರೆ ಹಾಸುಗಲ್ಲಿನ ಗಣಿಯಲ್ಲಿ, ಹದಿನಾಲ್ಕು ವರ್ಷ ದುಡಿದವಳು. ನೆಲದಿಂದ ಎಬ್ಬಿಸಿದ ಹಾಸುಗಲ್ಲನ್ನು ಅಲ್ಲಿ ಕಣ್ಣಿಂದ ನೋಡಿ ನಂಬುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಟಣ್ ಎಂದರೆ ಕಲ್ಲು ಗಟ್ಟಿ, ದಬ್ ಎಂದರೆ ಒಳಗೆ ಸೀಳು ಇದೆ ಎಂದರ್ಥ. ನೀಲಾಬಾಯಿ ದಬ್ ಎಂದಳೆಂದರೆ ಕೂಲಿಯವರ ಮೇಲಿನ ಮುಕಾದಮನೂ ಮರುಮಾತಾಡದೆ ಆ ಕಲ್ಲನ್ನು ಬದಿಗಿಡುತ್ತಿದ್ದ.

ಬಾಯಿಯೂ ಖಣಿಯಲ್ಲೇ ಹರಿತವಾಯಿತು. ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ಟಿವಿಯ ಸುದ್ದಿ ಓದುವವರ ಹಾಗೆ ಸೆರಗು ಸರಿಪಡಿಸಿಕೊಂಡು ಊರ ಸುದ್ದಿ ಓದುತ್ತಿದ್ದಳು. ರೊಟ್ಟಿ ಗಂಟಲಲ್ಲಿ ಸಿಕ್ಕುವ ಹಾಗೆ ಮಂದಿ ನಗುತ್ತಿದ್ದರು. ಡಿಶ್ ಬಂದು ಕೇಬಲ್ ಧಂದೆ ಮುಳುಗಿ, ಒಂದು ಹಳೆಯ ಕ್ಯಾಮೆರಾ ಮಾತ್ರ ಕೈಯಲ್ಲುಳಿದಿದ್ದ ಮಶಾಕ ಒಂದು ದಿನ ಇದನ್ನು ನೋಡಿದ. 'ನೀಲಾ ತಂಗಿ, ಇದನ್ನ ಇಲ್ಲಿ ಹತ್ತು ಮಂದಿಗಿ ಹೇಳಿ ಯಾಕ ಹಾಳ ಮಾಡ್ತಿ? ಐದೂರಿಗಿ ಹೇಳು' ಎಂದ. ಹೀಗೆ ಶುರುವಾಯಿತು 'ಐದೂರ ಕಟ್ಟಿ'. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂರಿನ ಸುದ್ದಿ ಪ್ರತಿ ಭಾನುವಾರ ಸಂಜೆ ಮೊಬೈಲಿನಲ್ಲಿ ಬರತೊಡಗಿತು. ಎರಡು ಡ್ರಮ್ಮಿನ ಮೇಲೆ ಹಾಸಿದ ಒಂದು ಫರಸಿಯೇ ಅವಳ ಮೇಜು.

ಕಾರ್ಯಕ್ರಮಕ್ಕೆ ಮೂರು ಪಾಲು. ಮೊದಲು ಚಾಷ್ಟಿ, ಅಂದರೆ ವಾರದ ಸುದ್ದಿಯ ಗೇಲಿ. ನಡುವೆ ಮಾತುಕತಿ. ಕೊನೆಗೆ ಭೇಷ್, ಯಾರೂ ಹೊಗಳದೆ ಬಿಟ್ಟ ಒಬ್ಬ ಒಳ್ಳೆಯ ಮನುಷ್ಯನ ಕತೆ. ಒಂದು ಮೇ ತಿಂಗಳಲ್ಲಿ ಅವಳು ಸೂರ್ಯನಿಗೆ ಶಾಲು ಹಿಡಿದು ಸನ್ಮಾನ ಮಾಡಿದಳು. 'ನಮ್ಮ ಕಡಿ ದಿನಾ ಟೈಮಿಗಿ ಸರಿಯಾಗಿ ಡ್ಯೂಟಿಗಿ ಬರೋ ಸಾಹೇಬರು ಇವರೊಬ್ಬರೇ ನೋಡ್ರಿ' ಎಂದಳು. ಮಾತುಕತಿಗೆ ಬಂದ ಕುಂಚಾವರಂ ಕಾಡಿನಂಚಿನ ಒಬ್ಬ ಮುದುಕಿ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಅವಳನ್ನೇ ಉಲ್ಟಾ ಸಂದರ್ಶನ ಮಾಡಿ ಕಳಿಸಿದ್ದೂ ಉಂಟು. ಸೇಡಂನ ಅಖ್ತರ ಬೇಗಂ ಇಪ್ಪತ್ತು ವರ್ಷದಿಂದ ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದದ್ದು ಜಗತ್ತಿಗೆ ತಿಳಿದದ್ದು ಭೇಷ್‌ನಿಂದಲೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನೀಲಾಬಾಯಿಯ ಬಾಯಿ ಐದೂರಿಗೆ ನಗುವನ್ನೂ ಹಂಚಿತು.

ಆ ಫೋಟೊ ಬಂದದ್ದು ಬಂಡೆವಾಡಿಯಿಂದ. ಗುಂಡಗುರ್ತಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು ಅದು. ಎಂಟು ದಿನದಿಂದ ಊರಿಗೆ ನೀರಿಲ್ಲ, ನೀರು ಬಿಡುವ ವಾಟರ್‌ಮನ್ ದೇವಿಂದ್ರ ಮಾತ್ರ ನಡುಹಗಲು ಓಣಿಯಲ್ಲಿ ಮಲಗಿದ್ದಾನೆ ಎಂದು ಯಾರೋ ಬರೆದು ಕಳಿಸಿದ್ದರು. ಚಿತ್ರದಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಹಾಸುಗಲ್ಲಿನ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ ಮಲಗಿದ್ದ. ನೀಲಾಬಾಯಿ ಒಂದು ಫೋನು ಹಚ್ಚಿಯೂ ಕೇಳಲಿಲ್ಲ. ಭಾನುವಾರ ಚಾಷ್ಟಿಯಲ್ಲಿ ಅವನ ಹೆಸರು ಹೇಳಿ, ಫರಸಿಯ ಮೇಲೆ ತಾನೂ ಕೆನ್ನೆಯಿಟ್ಟು ಗೊರಕೆ ಹೊಡೆದು ತೋರಿಸಿದಳು. 'ನೀರು ಬರೋತನಕ ನಿದ್ದಿಯರ ಬರಲಿ' ಎಂದಳು. ಅರವತ್ತು ಸಾವಿರ ಮಂದಿ ನೋಡಿ ಬಿದ್ದು ಬಿದ್ದು ನಕ್ಕರು.

ಹದಿನೈದು ದಿನದ ಮೇಲೆ ಒಂದು ಫೋನು ಬಂತು. ಆ ವಾಟರ್‌ಮನ್ ದೇವಿಂದ್ರನ ಹೆಂಡತಿ ರಮಾಬಾಯಿ. ಅವಳು ಬೈಯಲಿಲ್ಲ.

'ಅಕ್ಕಾರ, ನಮ್ಮವರು ಅವತ್ತು ಮಲಗಿದ್ದಿಲ್ರಿ. ಕೇಳಾಕತ್ತಿದ್ರು. ಪೈಪು ಎಲ್ಲಿ ಒಡದಾದಂತ ನೆಲಕ್ಕ ಕಿವಿ ಹಚ್ಚಿ ಕೇಳಾಕತ್ತಿದ್ರು. ಗುರುವಾರ ಪಂಚಾಯ್ತಿ ಸಭಾದಾಗ ಅವರನ್ನ ಕೆಲಸದಿಂದ ತಗೀತಾರಂತ. ನಿಮಗ ತಿಳಸಬೇಕನಿಸ್ತು, ತಿಳಸಿನಿ.'

ನೀಲಾಬಾಯಿ ಫೋನು ಇಟ್ಟಳು. ಫೋಟೊ ತೆಗೆದು ಮತ್ತೆ ನೋಡಿದಳು. ಅಂಗೈ ಎರಡೂ ನೆಲಕ್ಕೆ ಊರಿದ್ದವು. ಮಲಗಿದವನು ಹಾಗೆ ಕೈ ಊರುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬೇರೆಯವರಿಗಿರಲಿ, ಕಲ್ಲಿಗೆ ಕಿವಿಗೊಟ್ಟು ಹೊಟ್ಟೆ ಹೊರೆದ ತನಗೇ ಇದು ತಿಳಿಯಲಿಲ್ಲವಲ್ಲ! ಬೇರೆ ಯಾರು ತಪ್ಪಿದ್ದರೂ ಕ್ಷಮಿಸಬಹುದಿತ್ತು. ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನವೇ ಮಶಾಕನನ್ನು ಕರೆದುಕೊಂಡು ಎರಡು ಬಸ್ ಬದಲಿಸಿ ಬಂಡೆವಾಡಿಗೆ ಹೋದಳು. ಊರೆಲ್ಲ ಬಂಡೆಯ ಮೇಲಿತ್ತು, ಓಣಿಗಳಿಗೆಲ್ಲ ಫರಸಿ ಹಾಸಿತ್ತು. ಅಲ್ಲಿ ಪೈಪು ಒಡೆದರೆ ನೀರು ಮೇಲೆ ಬರದೆ ಬಂಡೆಯ ಸಂದಿನಲ್ಲಿ ಇಳಿದು ಹೋಗುತ್ತದೆ. ಎಲ್ಲಿ ಅಗೆಯಬೇಕು ಎಂದು ಹೇಳುವುದು ಕಿವಿಯೊಂದೇ. ದೇವಿಂದ್ರ ಇಪ್ಪತ್ತಾರು ವರ್ಷದಿಂದ ಹಾಗೆಯೇ ಊರಿಗೆ ನೀರು ಕುಡಿಸಿದ್ದ.

ಅವನು ಮನೆಯ ಮುಂದೆ ಕೂತಿದ್ದ. 'ಬರ್ರಿ, ಕುಂದ್ರಿ' ಎಂದ, ಅಷ್ಟೇ. ಮುಖ ನೋಡಲಿಲ್ಲ.

'ಮತ್ತ ಇನ್ನೂ ಯಾಕ ಸಿಕ್ಕಿಲ್ಲಣ್ಣ, ಒಡದ ಜಾಗಾ?' ಎಂದು ಮಶಾಕ ಕೇಳಿದ.

'ಹೆಂಗ ಸಿಗಬೇಕ್ರಿ? ನಾ ನೆಲಕ್ಕ ಕಿವಿ ಹಚ್ಚಿದೆಂದರ ಸಾಕು, ಹಿಂದ ಗೊರಕಿ ಹೊಡಿತಾರ, ಚಪ್ಪಾಳಿ ತಟ್ತಾರ. ನಗು ಕೇಳಸ್ತದ್ರಿ, ನೀರು ಕೇಳಸೋದಿಲ್ಲ. ಈಗ ಕಿವಿ ಹಚ್ಚೋದೇ ಬಿಟ್ಟೀನಿ.'

ಅವನ ಮರ್ಯಾದೆ ಮಾತ್ರವಲ್ಲ, ಊರಿನ ನೀರನ್ನೂ ತಾನು ಕಸಿದಿದ್ದೇನೆಂದು ನೀಲಾಬಾಯಿಗೆ ಆಗ ತಿಳಿಯಿತು. 'ಅಣ್ಣ, ಬರೋ ವಾರ ಭೇಷ್‌ದಾಗ ನಿನ್ನ ಕತಿ ಹೇಳ್ತೀನಿ. ಹತ್ತು ನಿಮಿಷ, ಪೂರಾ ನಿಂದೇ' ಎಂದಳು.

ದೇವಿಂದ್ರ ಮೊದಲ ಸಲ ತಲೆಯೆತ್ತಿದ. 'ನನಗ ಭೇಷ್ ಬ್ಯಾಡ್ರಿ ಅಕ್ಕಾರ. ಚಾಷ್ಟಿದಾಗಿಂದ ನನ್ನ ಹೆಸರು ತಗೀರಿ. ತಗದ ಜಾಗಾದಾಗ ಯಾರ ಹೆಸರು ಹಾಕಬೇಕು, ನಿಮಗ ಗೊತ್ತದ.'

ಹೊರಗೆ ಬಂದ ಮೇಲೆ ಮಶಾಕ ತಡವರಿಸಿದ. 'ತಂಗಿ, ನೀನೇ ಸುಳ್ಳಾದಿ ಅಂತ ನೀನೇ ಹೇಳಿದರ ನಾಳಿ ಯಾರು ನಂಬ್ತಾರ? ಏಳು ವರ್ಷದ ಹೆಸರು. ಸಣ್ಣಂಗ ತಪ್ಪಾತು, ಸಾರಿ ಅಂತ ಬರದು ಹಾಕಿಬಿಡಮ್ಮಿ.' ಅವನ ಮಾತೂ ಸುಳ್ಳಲ್ಲ. ಅವಳಿಗೂ ಭಯವಿತ್ತು. ಆದರೆ ಗೇಲಿಯನ್ನು ದೊಡ್ಡ ಬಾಯಲ್ಲಿ ಮಾಡಿ, ಕ್ಷಮೆಯನ್ನು ಸಣ್ಣ ಅಕ್ಷರದಲ್ಲಿ ಕೇಳಿದರೆ ತನ್ನ ಬಾಯಿಗೆ ಬೆಲೆ ಏನು? 'ದಬ್ ಅನ್ನೋ ಕಲ್ಲು ನಾ ಯಾವತ್ತೂ ದಾಟಿಸಿಲ್ಲ ಮಶಾಕ ಭಾಯ್' ಎಂದಳು.

ಗುರುವಾರ ಬೆಳಿಗ್ಗೆ ಬಂಡೆವಾಡಿಯ ಚಾವಡಿಯ ಮುಂದೆ ಊರೇ ನೆರೆದಿತ್ತು. ದೇವಿಂದ್ರನ ವಿಷಯ ಬರುವ ಮೊದಲೇ ನೀಲಾಬಾಯಿ ಎದ್ದು ನಿಂತು ಮಾತಾಡಲು ಐದು ನಿಮಿಷ ಕೊಡಿ ಎಂದು ಕೇಳಿಕೊಂಡಳು. ಮಶಾಕ ನೇರ ಪ್ರಸಾರ ಹಚ್ಚಿದ. ಅವಳು ಕಟ್ಟೆಯ ಮೇಲೆ ಕೂತು, ಎಂದಿನಂತೆ ಸೆರಗು ಸರಿಪಡಿಸಿಕೊಂಡಳು.

'ನಮಸ್ಕಾರ್ರಿ, ಇದು ಐದೂರ ಕಟ್ಟಿ. ಇವತ್ತಿನ ಚಾಷ್ಟಿ. ಶಹಾಬಾದದಾಗ ಒಬ್ಬ ಹೆಣ್ಮಗಳ ಕಿವಿ ಕಳದಾವ. ಹದಿನಾಲ್ಕು ವರ್ಷ ಖಣಿದಾಗ ಕಲ್ಲಿನ ಮಾತು ಕೇಳಿದ ಕಿವಿ. ಕ್ಯಾಮೆರಾದ ಮುಂದ ಕುಂತ ಮ್ಯಾಲ ಚಪ್ಪಾಳಿ ಬಿಟ್ಟರ ಬ್ಯಾರೆ ಏನೂ ಕೇಳಸವಲ್ದಾಗಿತ್ತು. ಯಾರಿಗರ ಸಿಕ್ಕರ ತಂದು ಕೊಡ್ರಿ. ಗುರುತು ಹೇಳ್ತೀನಿ: ಬೆಂಡೋಲಿ ಅದಾವ, ಅಕಲ್ ಇಲ್ಲ.'

ಮಂದಿ ನಕ್ಕರು. ನಗು ನಿಲ್ಲುವತನಕ ಕಾದು ಅವಳು ಎದ್ದು ನಿಂತಳು.

'ಆ ಹೆಣ್ಮಗಳು ನಾನೇರಿ, ನೀಲಾಬಾಯಿ. ದೇವಿಂದ್ರಣ್ಣ ಮಲಗಿದ್ದಿಲ್ಲ, ನಿಮ್ಮ ನೀರು ಹುಡುಕಾಕತ್ತಿದ್ದ. ನಾ ಕೇಳಲಿಲ್ಲ, ವಿಚಾರಸಲಿಲ್ಲ, ಅರವತ್ತು ಸಾವಿರ ಮಂದಿ ಮುಂದ ಅವನ ಮರ್ಯಾದಿ ತಗದೆ. ತಪ್ಪು ನಂದು. ಈಗ ಒಂದು ತಾಸು ನಗಬ್ಯಾಡ್ರಿ ಅಂತ ಬೇಡ್ಕೋತೀನಿ. ನಗಸೋದೇ ನನ್ನ ಕೆಲಸ, ನಾನೇ ಬ್ಯಾಡಂತೀನಿ.'

ಸಭೆಯ ಹಿರಿಯ ಸದಸ್ಯರೊಬ್ಬರು ಗಡ್ಡ ಕೆರೆದುಕೊಂಡರು. 'ಮಾತಿನಿಂದ ನೀರು ಬರಂಗಿಲ್ಲವ್ವ. ಏ ದೇವಿಂದ್ರ, ತೋರಸು ನೋಡೋಣು.'

ದೇವಿಂದ್ರ ತೊಟ್ಟಿಯ ವಾಲ್ವ್ ತೆರೆದು, ಪೈಪಿಗೆ ನೀರು ಬಿಟ್ಟು ಬಂದ. ಗಿರಣಿ ನಿಲ್ಲಿಸಿದರು, ಟ್ರ್ಯಾಕ್ಟರ್ ಆರಿಸಿದರು. ಅವನು ಮೊದಲ ಓಣಿಯಲ್ಲಿ ಬೋರಲು ಮಲಗಿ ಕೆನ್ನೆಯನ್ನು ಕಲ್ಲಿಗೆ ಹಚ್ಚಿದ, ಅಂಗೈ ಊರಿದ, ಕಣ್ಣು ಮುಚ್ಚಿದ. ಫೋಟೊದಲ್ಲಿದ್ದ ಹಾಗೆಯೇ. ಮುನ್ನೂರು ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಮಲಗಿದ. ಹೀಗೆ ಎರಡು ಓಣಿ ದಾಟಿ, ಬೇವಿನ ಗಿಡದ ಹತ್ತಿರ ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕಣ್ಣು ತೆರೆಯದೆ ಕೈ ಸನ್ನೆ ಮಾಡಿ ನೀಲಾಬಾಯಿಯನ್ನು ಕರೆದ.

ಅವಳು ಸೆರಗು ಬಿಗಿದು ಅವನ ಪಕ್ಕದಲ್ಲಿ ಮಲಗಿ ಕಲ್ಲಿಗೆ ಕಿವಿಯಿಟ್ಟಳು. ಮೊದಲು ತನ್ನ ಎದೆಯ ಬಡಿತವೇ ಕೇಳಿಸಿತು. ಅದು ಇಳಿದ ಮೇಲೆ, ದೂರದಲ್ಲಿ ಯಾರೋ ಜೋಳ ಕೇರುತ್ತಿರುವ ಹಾಗೆ ಸಣ್ಣ ಸದ್ದು.

'ಬಂತ್ರಿ?' ಎಂದು ಕೇಳಿದ ದೇವಿಂದ್ರ.

'ಬಂತಣ್ಣ' ಎಂದಳು. ಕಣ್ಣು ತುಂಬಿದ್ದವು.

ಅವನು ಇದ್ದಿಲಿನಿಂದ ಕಲ್ಲಿನ ಮೇಲೆ ಗೆರೆ ಎಳೆದ. ಹಾರೆ ಹಾಕಿ ಆ ಒಂದೇ ಫರಸಿ ಎಬ್ಬಿಸಿ ಮೊಳದಷ್ಟು ಅಗೆದರು. ಒಡೆದ ಪೈಪಿನಿಂದ ನೀರು ಬಂಡೆಯ ಸಂದಿಗೆ ಸುರಿಯುತ್ತಿತ್ತು. ಚಪ್ಪಾಳೆ ಬಿತ್ತು, ಈ ಸಲ ಗೇಲಿಯದಲ್ಲ. ದೇವಿಂದ್ರ ಅದರ ಕಡೆ ಗಮನ ಕೊಡದೆ ಪೈಪು ಒರೆಸಿ ರಬ್ಬರು ಸುತ್ತತೊಡಗಿದ. ಅವನನ್ನು ಕೆಲಸದಿಂದ ತೆಗೆಯುವ ಮಾತನ್ನು ಸಭೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಸಂಜೆಗೆ ಊರ ನಲ್ಲಿಗಳಲ್ಲಿ ನೀರು ಬಂತು.

ಬಸ್ಸಿಗೆ ಹೊರಟಾಗ ರಮಾಬಾಯಿ ಚಹಾ ಕೊಟ್ಟಳು. ನೀಲಾಬಾಯಿ ಹೆದರುತ್ತಲೇ ಕೇಳಿದಳು: 'ಅಣ್ಣ, ಈಗರ ಭೇಷ್‌ದಾಗ ಹಾಕಲೇನು? ಮಶಾಕ ಭಾಯ್ ಚಂದನ ಫೋಟೊ ತಗೀತಾನ.'

ದೇವಿಂದ್ರ ಕೈ ತೊಳೆದು ಒರೆಸಿಕೊಂಡ. 'ಹಾಕ್ರಿ. ಆದರ ಹೊಸಾ ಫೋಟೊ ಬ್ಯಾಡ. ಅದೇ ಇರಲಿ.'

ಆ ಭಾನುವಾರ ಐದೂರಿನ ಮಂದಿ ಭೇಷ್ ಪಾಲಿಗೆ ಕಾದು ಕೂತರು. ತೆರೆಯ ಮೇಲೆ ಹಳೆಯ ಫೋಟೊವೇ ಬಂತು. ಹಾಸುಗಲ್ಲು, ಕೆನ್ನೆ, ಮುಚ್ಚಿದ ಕಣ್ಣು. ಕೆಳಗೆ ನೀಲಾಬಾಯಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದಳು: 'ದೇವಿಂದ್ರ, ವಾಟರ್‌ಮನ್, ಬಂಡೆವಾಡಿ. ಡ್ಯೂಟಿ ಮ್ಯಾಲ ಅದಾರ.'