ತಂಗಿಗೆಂದು ಖಾಲಿ ಬಿಟ್ಟ ಸಾಲುಗಳು

ನನ್ನ ಹಾಡು ಕೇಳಿ ನಕ್ಕವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇನ್ನೊಂದು ಸಲ ನಗಲು ಕಾರಣ ಸಿಕ್ಕೀತು. ಆದರೆ ಯಾರು ಯಾವ ಸಾಲಿನಲ್ಲಿ ಕುಳಿತಿದ್ದರು, ಯಾರ ಎಲೆಯಲ್ಲಿ ಹೋಳಿಗೆ ಅರ್ಧ ಉಳಿದಿತ್ತು, ಯಾರು ಮೊದಲು ನಕ್ಕು ಆಮೇಲೆ ನನ್ನ ಮುಖ ಕಂಡು ಕೆಮ್ಮು ಬಂದವರಂತೆ ನಟಿಸಿದರು ಎಂಬುದೆಲ್ಲ ನನಗೆ ನೆನಪಿದೆ. ಅವರ ಮೇಲೆ ನನಗೆ ಅಂಥ ಸಿಟ್ಟೇನೂ ಇಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ, ನನ್ನ ತಂಗಿ. ಅವಳೂ ನಕ್ಕಳು.

ಬೀಸುಕಲ್ಲಿನ ವಿಷಯವನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಈ ಅನ್ಯಾಯ ಯಾರಿಗೂ ತಿಳಿಯದು.

ಮಾನ್ವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಬೀಸುಕಲ್ಲು ಇತ್ತು. ಊರಿನಲ್ಲಿ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಗಿರಣಿಯ ಹಿಟ್ಟು ಬಿಸಿಯಾಗುತ್ತದೆ, ರೊಟ್ಟಿ ತಟ್ಟುವಾಗ ಹರಿಯುತ್ತದೆ ಎಂಬುದು ನಮ್ಮವ್ವನ ವಾದವಾಗಿತ್ತು. ಆದ್ದರಿಂದ ನಾನೂ ತಂಗಿಯೂ ಎದುರುಬದುರು ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ ಜೋಳ ಬೀಸುತ್ತಿದ್ದೆವು. ಅರ್ಧ ಸುತ್ತು ಅವಳು ಎಳೆಯಬೇಕು, ಉಳಿದರ್ಧ ನಾನು. ಹಾಡೂ ಹಾಗೆಯೇ. ಒಬ್ಬಳು ಒಂದು ಸಾಲು ಕೇಳಿದರೆ ಎದುರಿಗಿದ್ದವಳು ಅದಕ್ಕೆ ಉತ್ತರದ ಸಾಲು ಹಾಡಬೇಕು. ಬೀಸುಕಲ್ಲಿನ ಮುಂದೆ ಕುಳಿತು ಒಬ್ಬಳೇ ಹಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಕೇಳುವ ಸಾಲುಗಳನ್ನು ಕಟ್ಟುತ್ತಿದ್ದವಳು ನಾನು. ಹಳೆಯ ಹಾಡುಗಳಲ್ಲಿ ನನಗೆ ಮನಸ್ಸು ನಿಲ್ಲುತ್ತಿರಲಿಲ್ಲ. ಶಾಲೆಯ ಗಂಟೆ, ಪಕ್ಕದ ಮನೆಯ ಹುಂಜ, ನಳದ ಮುಂದಿನ ಜಗಳ, ಸಂತೆಗೆ ಬಂದ ಹೊಸ ಬಳೆ, ಇವೆಲ್ಲ ನನ್ನ ಹಾಡಿನ ವಸ್ತುಗಳಾಗಿದ್ದವು. "ಇದೇನು ಪದಾನೋ, ಪೇಪರಿನ ಸುದ್ದಿಯೋ?" ಎಂದು ಓಣಿಯ ಹಿರಿಯಳೊಬ್ಬಳು ನಮ್ಮವ್ವನ ಎದುರಿಗೇ ಅಂದಿದ್ದಳು. ಆಕೆ ತೀರಿಹೋಗಿ ಬಹಳ ವರ್ಷಗಳಾದವು. ಮಾತು ಹಾಗೆಯೇ ಇದೆ.

ನಾನು ಮದುವೆಯಾಗಲಿಲ್ಲ. ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು, ಅವ್ವನೊಂದಿಗೆ ಉಳಿದೆ. ತಂಗಿಯನ್ನು ದೇವದುರ್ಗಕ್ಕೆ, ಹಿಟ್ಟಿನ ಗಿರಣಿ ನಡೆಸುವ ಮನೆತನಕ್ಕೆ ಕೊಟ್ಟರು. "ಬೀಸೂ ಹುಡುಗಿ ಗಿರಣಿ ಮನಿ ಸೇರಿದ್ಲು, ಕೈ ಉಳೀತು ನೋಡ್ರಿ" ಎಂದು ಬೀಗರು ಚ್ಯಾಷ್ಟಿ ಮಾಡಿದರು. ಎಲ್ಲರೊಂದಿಗೆ ನಾನೂ ನಕ್ಕಿದ್ದೆ. ಹೊರಡುವ ದಿನ ತಂಗಿ ಬೀಸುಕಲ್ಲಿನ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದಳು.

"ಅಕ್ಕ, ನೀ ಒಂದು ಟೇಪ್ ರೆಕಾರ್ಡರ್ ತಗೋ. ನಿನ್ನ ಸಾಲು ಹಾಡಿ ಕಳಸು. ನನ್ನ ಸಾಲಿಗಿ ಜಾಗ ಬಿಡು. ನಮ್ಮ ಮನ್ಯಾಗೂ ಟೇಪ್ ಅದ. ಆ ಜಾಗ ಬಂದ ಕೂಡ್ಲೆ ಬಟನ್ ಒತ್ತಿ ನಾ ಹಾಡಿ ತುಂಬ್ತೀನಿ."

ಇದು ಅವಳ ಮಾತು, ನನ್ನದಲ್ಲ. ಈಗ ಮಂದಿ ಇದನ್ನು ನನ್ನ ಹುಚ್ಚು ಎನ್ನುತ್ತಿರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಟೇಪ್ ರೆಕಾರ್ಡರನ್ನು ರಾಯಚೂರಿನಲ್ಲಿ ಕೊಂಡೆ. ಅಂಗಡಿಯವರು ಮನೆಯಲ್ಲಿ ದಖ್ಖನಿ ಆಡುವ ಸಾಹೇಬರು. ಗಿರಾಕಿಗಳು ಕೇಳಿದ ಸಿನಿಮಾ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ಅವರ ದೊಡ್ಡ ವ್ಯಾಪಾರ. ನಾನು ಖಾಲಿ ಕ್ಯಾಸೆಟ್ಟುಗಳನ್ನೇ ಕೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ.

"ಖಾಲಿ ಯಾತಕ್ರೀ ಟೀಚರಮ್ಮ? ಹಾಡು ಭರ್ತಿ ಮಾಡಿ ಕೊಡ್ತೀನಿ, ಒಯ್ಯಿರಿ."

"ಹಾಡು ನಮ್ಮಲ್ಲೇ ಅದಾವ್ರಿ."

"ಅರೇ! ಯಾರು ಹಾಡ್ತಾರ?"

"ನಾನು ಅರ್ಧ, ನನ್ನ ತಂಗಿ ಅರ್ಧ."

ಅವರು ಹಣೆಗೆ ಕೈಯೆತ್ತಿ ಸಲಾಮು ಮಾಡಿದರು. "ವಾಹ್ ಅಮ್ಮ, ಒಂದು ದಿನ ನನಗೂ ಕೇಳಸ್ರಿ." ಅದರಲ್ಲಿ ಹಾಸ್ಯವಿರಲಿಲ್ಲ. ನನ್ನ ಹಾಡುಗಳನ್ನು ಕೇಳದೆಯೇ ಗೌರವಿಸಿದ ಏಕೈಕ ಮನುಷ್ಯ ಅವರು. ಕೇಳಿದವರಾರೂ ಅಷ್ಟು ಮಾಡಲಿಲ್ಲ.

ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಾಡು ತುಂಬುತ್ತಿದ್ದೆ. ಯಂತ್ರವನ್ನು ನೆಲದ ಮೇಲಿಟ್ಟರೆ ಕಲ್ಲಿನ ಗುಡುಗು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಕೌದಿಯ ಮೇಲಿಟ್ಟರೆ ನನ್ನ ದನಿ ಸತ್ತಂತಾಗುತ್ತಿತ್ತು. ಕೊನೆಗೆ ಜೋಳ ತೀರಿದ ತಗಡಿನ ಡ್ರಮ್ಮನ್ನು ಅಡ್ಡ ಕೆಡವಿ, ಅದರೊಳಗೆ ಯಂತ್ರವಿಟ್ಟು, ಡ್ರಮ್ಮಿನ ಬಾಯಿಗೆ ಮುಖಮಾಡಿ ಬೀಸುತ್ತ ಹಾಡಿದೆ. ದನಿಗೆ ಬಾವಿಯೊಳಗಿಂದ ಬಂದಂಥ ಗುಂಯ್‌ಗುಡುವಿಕೆ ಬಂತು. ನನಗದು ಹಿತವಾಯಿತು. ತಾಳಕ್ಕೆ ಶಾಲೆಯಲ್ಲಿ ಬಿಸಾಡಿದ್ದ, ನಾಲಗೆ ಬಿದ್ದ ಕೈಗಂಟೆಯೊಂದನ್ನು ತಂದು ಕಾಲಬೆರಳಿಗೆ ಕಟ್ಟಿ ಕಲ್ಲಿಗೆ ತಾಗಿಸುತ್ತಿದ್ದೆ. ಇಬ್ಬರು ಬೀಸುವ ಕಲ್ಲನ್ನು ಒಬ್ಬಳೇ ಬೀಸಿದರೆ ಸಪ್ಪಳ ಕುಂಟುತ್ತದೆ. ನನ್ನ ಕಡೆಗೆ ಬರುವಾಗ ಬಿರುಸು, ಎದುರಿನವಳ ಕಡೆಗೆ ಹೋಗುವಾಗ ನಿಧಾನ. ಆ ಎಲ್ಲ ಹಾಡುಗಳಲ್ಲೂ ಆ ಕುಂಟು ಇದೆ. ನಾನದನ್ನು ಸರಿಪಡಿಸಲು ಹೋಗಲಿಲ್ಲ. ಸರಿಪಡಿಸಬೇಕಾದ ಕೈ ದೇವದುರ್ಗದಲ್ಲಿತ್ತು.

ಮೊದಲು ಕಳಿಸಿದ ಹಾಡು ಇದು:

ದುರ್ಗದ ಬಸ್ಸ ಸಿರವಾರ ದಾಟ್ಯದ
ಕಿಟಕೀಗಿ ಯಾರ ಕುಂತಾರ?

ಇಷ್ಟು ಹಾಡಿ ಬಾಯಿ ಮುಚ್ಚಿ, ಅವಳ ಸಾಲು ಹಿಡಿಯುವಷ್ಟು ಹೊತ್ತು ಬರೀ ಕಲ್ಲು ಬೀಸಿದೆ. ಅವಳ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಂಡೆ: ಕಿಟಕೀಗಿ ನಮ್ಮಕ್ಕ ಕುಂತಾಳ. ಅದು ಮುಗಿದ ಮೇಲೆ "ಹೂಂ" ಎಂದು ಅವಳಿಗೆ ಒಪ್ಪಿಗೆ ಕೊಟ್ಟು ಮುಂದಿನ ಸಾಲು ಎತ್ತಿಕೊಂಡೆ. ಬೀಸುವಾಗ ಎದುರಿನವಳ ಉತ್ತರಕ್ಕೆ ಹೂಂಗುಡುವುದು ವಾಡಿಕೆ.

ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ದೇವದುರ್ಗದ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಗಿರಣಿಗೆ ಮುಟ್ಟಿಸುತ್ತಿದ್ದರು. ಮರಳಿ ಬರುವುದು ಅವರ ಬಾಯಿಮಾತು: "ಮುಟ್ಟಿತಂತ್ರೀ. ತುಂಬಿ ಇಟ್ಟಾರಂತ. ನೀವು ಬಂದಾಗ ಕೂಡಿ ಕೇಳೋಣು ಅಂದಾರ."

ನಾನು ಹೋದೆ. ಹೋದಾಗಲೆಲ್ಲ ಒಂದೊಂದು ಕಾರಣ. ಟೇಪಿನ ಬೆಲ್ಟು ಹರಿದಿದೆ. ಅತ್ತೆ ಮಲಗಿದ್ದಾರೆ. ಕ್ಯಾಸೆಟ್ಟುಗಳು ಟ್ರಂಕಿನಲ್ಲಿವೆ, ಟ್ರಂಕಿನ ಮೇಲೆ ಹಾಸಿಗೆಗಳಿವೆ. ಮಗುವಿಗೆ ಜ್ವರ. ಒಮ್ಮೆಯಂತೂ, "ಎಲ್ಲಾ ಮುಗೀಲಿ ಅಕ್ಕ, ಒಮ್ಮೆಲೇ ಕೇಳಿದ್ರ ಚಲೋ" ಅಂದಳು. ನಾನು ಒಪ್ಪಿದೆ. ಎದುರಿಗೆ ಕುಳಿತು ಬೀಸಿದವಳ ಮಾತನ್ನು ಪರೀಕ್ಷಿಸುವ ಬುದ್ಧಿ ನನಗಿರಲಿಲ್ಲ. ಅವ್ವ ಹೋದ ಮೇಲೆಯೂ ತುಂಬಿ ಕಳಿಸಿದೆ. ಕ್ಯಾಸೆಟ್ಟು ಸಿಗುವುದು ನಿಂತ ಮೇಲೆ ನಾನೂ ನಿಲ್ಲಿಸಿದೆ. ನಿವೃತ್ತಿಯಾಯಿತು. ದೇವದುರ್ಗದ ಟ್ರಂಕಿನಲ್ಲಿ ನಮ್ಮಿಬ್ಬರ ಹಾಡುಗಳು ಇಡಿಯಾಗಿ ಕುಳಿತಿವೆ ಎಂಬ ನಂಬಿಕೆಯ ಮೇಲೆ ನಾನು ಮುದುಕಿಯಾದೆ.

ಕಳೆದ ವರ್ಷ ತಂಗಿಯ ಮೊಮ್ಮಗಳ ಕುಬಸವನ್ನು ರಾಯಚೂರಿನ ಒಂದು ಮಂಗಲ ಕಾರ್ಯಾಲಯದಲ್ಲಿ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಆಗಿತ್ತು. ಹೆಂಗಸರ ಪಂಕ್ತಿ ನಡೆದಿತ್ತು. ತಂಗಿಯ ಸೊಸೆ ಮೈಕು ಹಿಡಿದು, "ಈಗ ನಮ್ಮ ದೊಡ್ಡತ್ತಿಯವರ ಪದ ಕೇಳ್ರಿ!" ಎಂದಳು. ಮನೆ ಬಣ್ಣ ಮಾಡಿಸುವಾಗ ಟ್ರಂಕಿನಲ್ಲಿ ಕ್ಯಾಸೆಟ್ಟುಗಳು ಸಿಕ್ಕಿದ್ದವಂತೆ. ಒಂದೆರಡನ್ನು ಯಾರಿಂದಲೋ ಫೋನಿಗೆ ಹಾಕಿಸಿದ್ದಳಂತೆ. ನನಗೆ ಎದೆ ತುಂಬಿತು. ಸುಳ್ಳು ಹೇಳುವುದಿಲ್ಲ, ಕಣ್ಣೂ ತುಂಬಿತು. ತಂಗಿಯ ಸಾಲುಗಳನ್ನು ಕೇಳುವ ದಿನ ಕೊನೆಗೂ ಬಂತೆಂದು ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟೆ.

ಡ್ರಮ್ಮಿನೊಳಗಿನ ನನ್ನ ದನಿ ಕಾರ್ಯಾಲಯದ ದೊಡ್ಡ ಸ್ಪೀಕರಿನಿಂದ ಹೊರಟಿತು. ದನಿಯ ಅಡಿಗೆ ಯಾರೋ ಡಿಜೆಯ ಢಂಢಂ ಸೇರಿಸಿದ್ದರು. ಕಿಟಕೀಗಿ ಯಾರ ಕುಂತಾರ?

ಒಂದು ಕತ್ತೆ ಒದರಿತು.

ತಂಗಿಗೆಂದು ಬಿಟ್ಟಿದ್ದ ಜಾಗದಲ್ಲಿ ಕತ್ತೆಯ ದನಿ ತುಂಬಿದ್ದರು. ಆಮೇಲೆ ನನ್ನ "ಹೂಂ". ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಮತ್ತೆ ಕೇಳಿದೆ, ಕತ್ತೆ ಮತ್ತೆ ಉತ್ತರಿಸಿತು, ನಾನು ಮತ್ತೆ ಹೂಂಗುಟ್ಟಿದೆ.

"ದೊಡ್ಡತ್ತಿ, ತಪ್ಪು ತಿಳಕೋಬ್ಯಾಡ್ರಿ," ಎಂದು ಸೊಸೆ ನಗು ತಡೆಯುತ್ತ ಬಂದಳು. "ಒಂದು ಸಾಲು ಹಾಡಿ ಗಪ್ಪಾಗ್ತೀರಿ, ಆಮ್ಯಾಲ ಹೂಂ ಅಂತೀರಿ. ಯಾರಿಗ್ರೀ ಹೂಂ ಅಂತಿದ್ರಿ? ಪದ ಮರೀತಿದ್ರೋ ಏನು?"

"ದೆವ್ವದ ಕೂಡ ಮಾತಾಡ್ತಿರಬೇಕು ಬಿಡ್ರಿ!" ಎಂದು ಹಿಂದಿನ ಪಂಕ್ತಿಯಿಂದ ಯಾರೋ ಅಂದರು. ಯಾರೆಂದು ಬಲ್ಲೆ.

ನಾನು ತಂಗಿಯ ಕಡೆ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಒಂದು ಗಳಿಗೆ ಭ್ರಮಿಸಿದೆ. ಸೆರಗು ಸರಿಯಿತು. ನಗುತ್ತಿದ್ದಳು.

"ಆ ಜಾಗ ಯಾರದಂತ ಇವರಿಗಿ ಹೇಳು ಬೇ," ಎಂದೆ.

"ಬಿಡಕ್ಕ. ಶುಭ ಕಾರ್ಯದಾಗ ಚ್ಯಾಷ್ಟಿ ಮಾಡಾಕತ್ತಾರ."

"ಅದಕ್ಕಾ ಹೇಳು. ಒಂದು ಮಾತು."

"ಹಳೀದು ಯಾಕಕ್ಕ ಈಗ? ಉಣ್ಣು."

ಉಣ್ಣು ಎಂದಳು. ಎಲೆ ಮಡಚಿ ಎದ್ದು ಬಂದೆ. ಕತ್ತೆ ಒದರಿದ ಆ ಹಾಡಿನ ತುಣುಕು ಮರುದಿನವೇ ಮಾನ್ವಿಯ ಫೋನುಗಳಿಗೂ ಬಂತು. ಒಂದು ಕಾಲಕ್ಕೆ ನನ್ನ ಕೈಯಲ್ಲಿ ಅಕ್ಷರ ಕಲಿತ ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತ ತಲೆ ತಗ್ಗಿಸಿಯೇ ಇದ್ದ. ಅವನ ಹೊಟ್ಟೆ ಮಾತ್ರ ನಗುತ್ತಿತ್ತು.

ತಿಂಗಳು ಬಿಟ್ಟು ದೇವದುರ್ಗಕ್ಕೆ ಹೋದೆ. ನನಗೆ ಬೇಕಿದ್ದುದು ಎರಡೇ. ನನ್ನ ಕ್ಯಾಸೆಟ್ಟುಗಳು, ಮತ್ತು ಅಂದು ನಕ್ಕವರೆದುರು ಅವಳ ಒಂದು ಮಾತು. ತಂಗಿ ಕ್ಯಾಸೆಟ್ಟುಗಳನ್ನು ಒಂದು ಕೈಚೀಲದಲ್ಲಿ ಹಾಕಿ ಆಗಲೇ ಕಟ್ಟಿಟ್ಟಿದ್ದಳು.

"ಒಂದೂ ತುಂಬಿಲ್ಲೇನು?" ಎಂದು ಕೇಳಿದೆ.

"ಹೆಂಗ ತುಂಬಲಿ ಅಕ್ಕ? ಗಿರಣಿ ಮನಿ ಸೊಸಿ ಬೀಸುಕಲ್ಲಿನ ಪದ ಹಾಡಿದ್ರ ಗಿರಾಕಿ ಮಂದಿ ಏನಂತಾರ? ನಮ್ಮತ್ತಿ ಮೊದಲ್ನೇ ದಿನಾನೇ ಅಂದ್ರು, 'ನಿನಗ ಕಲ್ಲೇ ಬೇಕಾಗಿದ್ರ ಕಲ್ಲಿದ್ದ ಮನಿಗಿ ಹೋಗಬೇಕಾಗಿತ್ತು' ಅಂತ."

"ಆವಾಗ ಒಂದು ಮಾತು ಹೇಳಿ ಕಳಿಸಬಾರದಾಗಿತ್ತೇನು? 'ಅಕ್ಕ, ಕಳಿಸಬ್ಯಾಡ' ಅಂತ?"

"ಹೇಳಿದ್ರ ನೀ ಕಳಸೋದು ಬಿಡ್ತಿದ್ದಿ."

"ಬಿಡ್ತಿದ್ದೆ."

"ಅದಕ್ಕ ಹೇಳಲಿಲ್ಲ. ನಿನ್ನ ದನಿ ಕೇಳ್ತಿದ್ದೆ."

ಈ ಮಾತನ್ನು ಕೇಳಿದವರೆಲ್ಲ ಕರಗುತ್ತಾರೆ. ನಾನು ಕರಗಲಿಲ್ಲ. ಬೀಸುಕಲ್ಲಿನ ಮುಂದೆ ಬರೀ ಕೇಳುವವಳಿಗೆ ಜಾಗವಿಲ್ಲ. ಗೂಟಕ್ಕೆ ಕೈಹಾಕದೆ ಎದುರಿಗೆ ಕುಳಿತವಳು ಇನ್ನೊಬ್ಬಳ ರಟ್ಟೆಯ ಹಿಟ್ಟು ತಿಂದಂತೆ. ಅತ್ತೆಯ ಕಾಲದ ಅಂಜಿಕೆಯನ್ನು ನಾನು ಕ್ಷಮಿಸಬಲ್ಲೆ. ಅತ್ತೆ ಸತ್ತು ಎಷ್ಟೋ ಕಾಲವಾಯಿತು, ಈಗ ಆ ಮನೆಗೆ ಇವಳೇ ಹಿರಿಯಳು. ಕುಬಸದ ದಿನ ಅವಳ ಬಾಯಿ ಕಟ್ಟಿದವರು ಯಾರು?

"ಅಂದು ನಕ್ಕವರೆಲ್ಲ ನಿಮ್ಮ ಫೋನಿನ ಗುಂಪಿನ್ಯಾಗ ಅದಾರ. ಅಲ್ಲಿ ಹೇಳು. ಆ ಕತ್ತಿ ಒದರಿದ್ದು ನಿನ್ನ ಜಾಗದಾಗ ಅಂತ ಹೇಳು," ಎಂದೆ.

"ಹೇಳ್ತೀನಿ ಅಕ್ಕ," ಎಂದಳು. ಹಿಂದೆ 'ತುಂಬಿ ಇಟ್ಟೀನಿ' ಎಂದದ್ದೂ ಇದೇ ದನಿಯಲ್ಲಿರಬೇಕು. ಕಂಡಕ್ಟರ ಬಾಯಿಂದ ಬರುತ್ತಿದ್ದುದರಿಂದ ನನಗೆ ತಿಳಿದಿರಲಿಲ್ಲ.

ಮನೆಗೆ ಬಂದು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳಿದೆ. ಹಳೆಯ ಯಂತ್ರವನ್ನು ರಿಪೇರಿ ಮಾಡಿಸಿದ್ದೆ. ಪ್ರತಿಯೊಂದರಲ್ಲೂ ನಾನು, ಕುಂಟುವ ಕಲ್ಲು, ನನ್ನ ಹೂಂ. ಒಂದರಲ್ಲಿ ಮಾತ್ರ, ಮೊದಲ ಖಾಲಿ ಸಾಲಿನಲ್ಲಿ, ನನ್ನ ಕಲ್ಲಿನ ಸಪ್ಪಳ ಕಡಿದು ಗಿರಣಿಯ ಪಟ್ಟೆಯ ಫಟಫಟ ಕೇಳಿತು. ಅದರ ನಡುವೆ ಯಾರೋ ಗಂಟಲು ಸರಿಮಾಡಿಕೊಂಡರು. ಅಷ್ಟೇ. ಮತ್ತೆ ನನ್ನ ಕಲ್ಲು, ಮತ್ತೆ ನನ್ನ ಹೂಂ. ಬಟನ್ ಒತ್ತಿದ್ದಳು, ಬಾಯಿ ತೆರೆಯಲಿಲ್ಲ. ಅದನ್ನು ಬಹಳ ಸಲ ಕೇಳಿದೆ. ಅದನ್ನು ಉತ್ತರವೆಂದು ಒಪ್ಪಲು ನನಗೆ ಸಾಧ್ಯವಾಗಲಿಲ್ಲ.

ಈ ಶ್ರಾವಣದಲ್ಲಿ ಬೀಸುಕಲ್ಲನ್ನು ತೊಳೆದು ಮತ್ತೆ ಕುಳಿತೆ. ರಟ್ಟೆಯಲ್ಲಿ ಮೊದಲಿನ ಬಲವಿಲ್ಲ, ಕುಂಟು ಹೆಚ್ಚಾಗಿದೆ. ಡ್ರಮ್ಮಿನೊಳಗೆ ಫೋನಿಟ್ಟು ಅದೇ ಬಸ್ಸಿನ ಹಾಡು ಹಾಡಿದೆ. ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಕಿಟಕೀಗಿ ಯಾರ ಕುಂತಾರ ಎಂದವಳೇ ಕಿಟಕೀಗಿ ಯಾರೂ ಇಲ್ಲವ್ವ ಎಂದು ನಾನೇ ಉತ್ತರಿಸಿ, ಉಸಿರು ಎಳೆದುಕೊಳ್ಳುವಷ್ಟೂ ಸಂದು ಬಿಡದೆ ಮುಂದಿನ ಸಾಲಿಗೆ ಹೋದೆ. ಹೂಂ ಎನ್ನಲಿಲ್ಲ. ಅದನ್ನು ಅವರ ಕುಟುಂಬದ ಗುಂಪಿಗೆ ಕಳಿಸಿದೆ. ಸೊಸೆ ಕೈಮುಗಿದ ಚಿತ್ರ ಹಾಕಿದಳು. "ಈ ಸಲ ಮರೀಲಿಲ್ಲ ನೋಡ್ರಿ ದೊಡ್ಡತ್ತಿ!" ಎಂದು ಬರೆದಳು.

ಸಂಜೆ ತಂಗಿಯ ಫೋನು ಬಂತು. ಹಿಂದೆ ಗಿರಣಿ ಓಡುತ್ತಿತ್ತು.

"ಅಕ್ಕ, ನನಗ ಜಾಗಾನೇ ಬಿಟ್ಟಿಲ್ಲಲ್ಲ," ಎಂದಳು.

"ಬಿಟ್ಟಿದ್ನೆವ್ವ. ಆ ಜಾಗದಾಗ ಮಂದಿ ಏನು ತುಂಬಿದ್ರಂತ ಕೂತು ಕೇಳಿದಿ, ನಕ್ಕಿ."

ಅವಳು ಗಂಟಲು ಸರಿಮಾಡಿಕೊಂಡಳು. ಆ ಸಪ್ಪಳ ನನಗೆ ಗುರುತಿತ್ತು. ಅದರ ಮುಂದೆ ಏನಾದರೂ ಬಂದೀತೆಂದು ನಾನು ಕಾದೆ, ನನ್ನ ಮೇಲೆ ನನಗೇ ಸಿಟ್ಟು ಬರುವಷ್ಟು ಕಾದೆ. ಗಿರಣಿ ಓಡುತ್ತಲೇ ಇತ್ತು. ಫೋನು ಕೆಳಗಿಟ್ಟೆ.

ಗುಂಪಿನಲ್ಲಿ ಅವಳು ಇಂದಿನವರೆಗೆ ಒಂದು ಅಕ್ಷರ ಬರೆದಿಲ್ಲ.