ಮಾಳವಾಡಿಗೆ ನೀರು ಬಂದಿಲ್ಲ

ಇಂಥಾ ಮಾತು ಬ್ಯಾರೆಯವರು ಹೇಳಿದ್ರ ನಾನೇ ನಗ್ತಿದ್ದೆರಿ. ನಮ್ಮವ್ವ ಭಾಲ್ಕಿ ದವಾಖಾನಿಯೊಳಗ ನರ್ಸ್ ಇದ್ದಳು. ದೆವ್ವ ಬಡದದ ಅಂತ ಯಾರರ ಬಂದ್ರ "ಮೊದ್ಲು ಜ್ವರ ನೋಡೂಣು ಕುಂದರ್ರಿ" ಅನ್ನಾಕಿ. ನಾನಂತೂ ಸಂಶಯ ಪಡೋದ್ರಾಗೇ ಪಗಾರ ತಗೊಳ್ಳಾಕಿ. ಹಿಂಗಾಗಿ ನಂಬ್ರಿ ಅಂತ ಹೇಳಂಗಿಲ್ಲ, ಕೇಳ್ರಿ ಅಷ್ಟ.

ಅದು ಬರದ ವರ್ಷ. ಔರಾದ ಕಡಿ ಮಂದಿ ಕಬ್ಬು ಕಡೀಲಿಕ್ಕೆ, ಗಾರೆ ಕೆಲಸಕ್ಕ ಅಂತ ಊರು ಬಿಟ್ಟಿದ್ರು. ಉಳಿದವರಿಗೆ ಟ್ಯಾಂಕರ್ ನೀರೇ ಗತಿ. ಬೀದರದಾಗ ನಾ ಇದ್ದ ಸಣ್ಣ ಆಫೀಸಿನಾಗ, ಊರಿಗೆ ನೀರು ಬೇಕಂತ ಕೇಳ್ಲಿಕ್ಕೆ, ಬಂತೋ ಇಲ್ಲೋ ತಿಳಿಸ್ಲಿಕ್ಕೆ ಒಂದು ವೆಬ್‌ಪುಟ ಮಾಡಿದ್ವಿ. ಅದು ಎಲ್ಲಾ ಬ್ರೌಸರಿನಾಗೂ ಒಂದೇ ನಮೂನಿ ನಡೀತದೋ ಇಲ್ಲೋ ನೋಡೋದು ನನ್ನ ಪಾಲಿನ ಕೆಲಸ. ಆ ಪರೀಕ್ಷಾದ ಮರುದಿನವೇ ಪುಟ ಹಳ್ಳಿಗಳಿಗೆ ತೆರೀಬೇಕಿತ್ತು. ನಾ "ಸರಿ ಅದ" ಅನ್ನೋತನಕ ಯಾವ ಊರಿಗೂ ಅದರಿಂದ ನೀರಿಲ್ಲ.

ಕಂಪ್ಯೂಟರಿನಾಗ ಮೂರು ಬ್ರೌಸರ್ ಹಾಕ್ಕೊಂಡೆ. ಒಂದೊಂದಕ್ಕೂ ಅದನ್ನ ನಡೆಸೋ ಡ್ರೈವರ್ ಅಂತ ಸಣ್ಣ ಪ್ರೋಗ್ರಾಮ್ ಇರ್ತದ, ವರ್ಷನ್ ಹೊಂದಲಿಲ್ಲಂದ್ರ ಅದು ಹೆಜ್ಜಿ ಎತ್ತಂಗಿಲ್ಲ. ಹೊಂದಿಸೋದ್ರಾಗ ಮುಂಜಾನಿ ಮುಗೀತು. ಆಮ್ಯಾಲೆ ನಾ ಬರೆದಿಟ್ಟಂಗ ಬ್ರೌಸರ್ ತಾನೇ ತೆರೀತದ, ಊರು ಆರಿಸ್ತದ, "ನೀರು ಬೇಕು" ಅನ್ನೋದು ಒತ್ತತದ, ಕಡೀಗೆ "ನೀರು ಬಂತು" ಒತ್ತಿ ಮುಚ್ಕೊಳ್ತದ.

ಪರೀಕ್ಷಾಕ್ಕ ಯಾವ ಊರು ಹಾಕೋದು? ಖರೇ ಊರು ಹಾಕಿ ಅಳಿಸೋದು ಮರೆತ್ರ ಪುಟ ತೆರೆದ ದಿನ ಟ್ಯಾಂಕರ್ ಸುಳ್ಳೇ ಅಲೀತದ. "ಅಕ್ಕಾ, ಮಾಳವಾಡಿ ಹಾಕ್ರಿ," ಅಂದ ಬಾಜೂಕ ಕುಂತಿದ್ದ ಸಿದ್ಧಾರ್ಥ. ಔರಾದಿನಾಂವ, ನನ್ನ ಜೋಡಿ ಕೆಲಸ ಮಾಡಾಂವ. "ಸಂತಪುರದ ಆಚಿ ಅದರಿ, ಬೇಚಿರಾಗ." ದಫ್ತರದಾಗ ಹೆಸರು ಅದ, ದೀಪ ಹಚ್ಚಲಿಕ್ಕೆ ಒಂದ್ ಮನಿ ಇಲ್ಲ, ಅಂಥ ಊರಿಗೆ ನಮ್ಮ ಕಡಿ ಬೇಚಿರಾಗ ಅಂತಾರ. ಛಲೋ ಆತು ಅಂತ ಅದೇ ಹಾಕಿದೆ.

ಎರಡು ಬ್ರೌಸರ್ ಹೇಳಿದಂಗ ಕೇಳಿದ್ವು. ಮೂರನೇದು ಕಡೀಗೆ ಬಂದು ಸ್ವಲ್ಪ ನಿಂತು, "ನೀರು ಬಂದಿಲ್ಲ" ಒತ್ತಿತು. ಅದನ್ನ ಒತ್ತು ಅಂತ ನಾ ಎಲ್ಲೂ ಬರ್ದಿರಲಿಲ್ಲ. ಡ್ರೈವರ್ ತಗದು ಹೊಸದು ಹಾಕಿ ಮೂರನ್ನೂ ಮತ್ತ ನಡೆಸಿದೆ, ಮತ್ತ ಅದೇ. ಆಮ್ಯಾಲೆ ಅಳಿಸಿದ್ರಾತು ಅಂತ ಜನವಾಡ ಹಾಕಿದೆ, ಸರಿ ಬಂತು. ಬಗದಲ್ ಹಾಕಿದೆ, ಸರಿ. ಮಾಳವಾಡಿ ಅಂದಕೂಡ್ಲೇ "ಬಂದಿಲ್ಲ."

ನನ್ನ ಸಂಶಯ ಸಿದ್ಧಾರ್ಥನ ಮ್ಯಾಲೆ ಹೋತು. ಊರಿನ ಹೆಸರು ಕೊಟ್ಟಾಂವ ಅವನೇ, ಚೇಷ್ಟಿ ಮಾಡೋ ಸ್ವಭಾವನೂ ಇತ್ತು. "ನನ್ನ ಯಾಕ ಹಂಗ ನೋಡ್ತೀರಿ ಅಕ್ಕಾ?" ಅಂದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ ಕಂಡಿತು ನನಗ. ಅವನ್ನ ಚಾ ಕುಡೀಲಿಕ್ಕೆ ಹೊರಗ ಕಳಿಸಿದೆ, ನೆಟ್ಟಿನ ವಾಯರ್ ಕಿತ್ತಿದೆ. ಪುಟ ಇನ್ನೂ ನನ್ನ ಕಂಪ್ಯೂಟರಿನಾಗಷ್ಟ ಇತ್ತು, ಹೊರಗಿನವರು ಮುಟ್ಟೋ ದಾರೀನೇ ಇರಲಿಲ್ಲ. ಒಬ್ಬಾಕಿನೇ ಕುಂತು ಮತ್ತ ನಡೆಸಿದೆ. "ನೀರು ಬಂದಿಲ್ಲ." ಖರೇ ಹೇಳ್ತೇನಿ, ಅಂಜಿಕಿ ಬಂತು.

ಸಂಜೀಕ ಆಫೀಸಿನ ಸಾಹೇಬ್ರು ಕೇಳಿದಾಗ ಸರಿ ಅದ ಅನ್ಲಿಕ್ಕೆ ಬಾಯಿ ಬರಲಿಲ್ಲ. ನಾಳೆ ಹೇಳ್ತೇನ್ರಿ ಅಂದೆ, ಬೈಸ್ಕೊಂಡೆ. ಮುಂಜಾನಿ ಸಿದ್ಧಾರ್ಥನ ಬೈಕ್ ಮ್ಯಾಲೆ ಮಾಳವಾಡಿಗೆ ಹೊಂಟೆ. ಊರಾಗ ಯಾರೂ ಇಲ್ಲ ಅನ್ನೋ ಅವನ ಸುಳ್ಳು ಹಿಡೀಬೇಕಂತನೇ ಹೊಂಟಿದ್ದು, ಬ್ಯಾರೆ ಏನೂ ಅಲ್ಲ.

ಬಿದ್ದ ಗ್ವಾಡಿಗಳ ನಡುವ ಒಂದು ಬೇವಿನ ಗಿಡ. ಅದರ ಬುಡಕ್ಕ ಒಬ್ಬ ಮುದುಕಿ, ಅಕಿ ಸೊಸಿ, ಸೊಸಿ ತೊಡಿ ಮ್ಯಾಲೆ ಹಸಗೂಸು. ಕಬ್ಬಿನ ಗ್ಯಾಂಗಿನಾಗ ಬಾಣಂತಿಗೆ ಜ್ವರ ಬಂದು, ನಡಕೋತ ಊರಿಗೆ ಹೊಳ್ಳಿ ಬರೋವಾಗ ಮುಂದ ಕಾಲು ಏಳದೆ ಅಲ್ಲೇ ಕುಂತುಬಿಟ್ಟಿದ್ರು. ಕೊಡ ಖಾಲಿ. ಮೊಬೈಲ್ ಅಂತೂ ಇರಲೇ ಇಲ್ಲ. ಸಿದ್ಧಾರ್ಥ ಬೈಕಿನಿಂದ ಇಳೀಲಿಕ್ಕೂ ಮರ್ತಿದ್ದ. ನನ್ನ ಬಾಟ್ಲಿ ಸೊಸಿ ಕೈಯಾಗ ಕೊಟ್ಟೆ, ಅವನ್ನ ಸಂತಪುರಕ್ಕ ನೀರು, ಗಾಡಿ ತರ್ಲಿಕ್ಕೆ ಓಡಿಸಿದೆ.

ಮುದುಕಿಗೆ ನಾವು ಬಂದದ್ದು ಆಶ್ಚರ್ಯ ಅನಿಸಲೇ ಇಲ್ಲ. "ನಿನ್ನಿ ಇಡೀ ಮಧ್ಯಾಹ್ನ ಯಾರೋ ನೀರು ಬಂತು, ನೀರು ಬಂತು ಅಂದಂಗಾತವ್ವಾ," ಅಂದಳು. "ಹಂಗಂದಾಗೊಮ್ಮೆ ಕೊಡ ತಗೊಂಡು ಎದ್ದು ನೋಡ್ತಿದ್ದೆ. ಎಲ್ಲೀ ನೀರು? ಬಂದಿಲ್ಲ ಅಂತ ನಾನೂ ಒದರಿ ಒದರಿ ಸಾಕಾದೆ."

ಬಾಣಂತಿ ಉಳಿದಳು, ಕೂಸೂ ಉಳೀತು. ಆಫೀಸಿಗೆ ಹೊಳ್ಳಿ ಬಂದು ಮತ್ತ ನಡೆಸಿದ್ರ ಮೂರೂ ಬ್ರೌಸರ್ "ನೀರು ಬಂತು" ಅಂದ್ವು. ಪುಟ ಅವತ್ತೇ ತೆರೀತು. ಸಿದ್ಧಾರ್ಥ ತನ್ನ ಮಕ್ಕಳ ಆಣಿ ಮಾಡಿ ತನಗೇನೂ ಗೊತ್ತಿಲ್ಲ ಅಂತಾನ. ಒಮ್ಮೊಮ್ಮೆ ಇನ್ನೂ ಅವನ ಮ್ಯಾಲೇ ಸಂಶಯ ಬರ್ತದ, ಯಾಕಂದ್ರ ಅವನ ಚೇಷ್ಟಿ ಅಂತಾದ್ರ ನನಗ ನಿದ್ದಿ ಹತ್ತತದ. ಆದ್ರ ಮುದುಕಿಗೆ ನೀರು ಬಂತು ಅಂತ ಅಂದವರು ಯಾರು ಅನ್ನೋದು ಮಾತ್ರ ನಾ ಯಾರಿಗೂ ಕೇಳಬೇಕಾಗಿಲ್ಲ. ಅಂದಾಕಿ ನಾನೇ, ಆ ಮಧ್ಯಾಹ್ನ ಮಾಳವಾಡಿ ಹೆಸರಿಗೆ ಬ್ರೌಸರಿನಿಂದ ಅದನ್ನೇ ಒತ್ತಿಸ್ಕೋತ ಕುಂತಾಕಿ. ಅಕಿಗೆ ಹ್ಯಾಂಗ ಕೇಳಿಸ್ತು, ಅದು ಇವತ್ತಿಗೂ ತಿಳಿದಿಲ್ಲರಿ.