ಒಂಬತ್ತೇ ಬೆಂಡೆಕಾಯಿ

ಅತ್ತೆಯವರು ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದಾಗ ಅವರ ಸೆರಗಿನ ಗಂಟಿನಲ್ಲಿ ಬೆಂಡೆಬೀಜಗಳಿದ್ದವು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಏಳನೇ ಮಹಡಿಯ ಬಾಲ್ಕನಿಯಲ್ಲಿ, ಖಾಲಿ ಪೇಂಟ್ ಬಕೆಟಿನಲ್ಲಿ ಅವನ್ನು ಊರಿ, ಎಸಿಯಿಂದ ತೊಟ್ಟಿಕ್ಕುವ ನೀರನ್ನೇ ಹಿಡಿದು ಉಣಿಸಿದರು. ಊರಿನಲ್ಲಿ ಮೊದಲ ಕಾಯಿ, ಮೊದಲ ಮೊಟ್ಟೆ ಏನೇ ಇರಲಿ, ಫಾದರ್ ಬಂಗಲೆಗೆ ಒಂದು ಪಾಲು ಹೋದ ಮೇಲೆಯೇ ಅವರ ಒಲೆ ಹತ್ತುತ್ತಿತ್ತು. ಇಲ್ಲಿ ಅದೊಂದೇ ಕೊರಗು.

“ಮೂರು ತಿಂಗಳು ಇಲ್ಲಿಯ ಚರ್ಚಿನಲ್ಲಿ ಈ ಫಾದರ್ ಮಾಡಿದ ಪೂಜೆ ಕೇಳಿದೆ. ನಾನು ಬೆಳೆದದ್ದು ಒಂದೂ ಅವರಿಗೆ ಕೊಡದೆ ಹೋಗುದು ಹೇಗೆ?”

“ಅಲ್ ಮೀನಾ ಮಾರ್ಕೆಟಿನಿಂದ ಒಂದು ಪೆಟ್ಟಿಗೆ ತಂದು ಕೊಡುವಾ ಅತ್ತೆ.”

“ಪುಣ್ಯ ಆ ಮಾರ್ಕೆಟಿನವನಿಗೆ ಹೋಗ್ತದೆ ಮಾರಾಯ್ರೆ, ನನಗಲ್ಲ.”

ಶುಕ್ರವಾರಗಳಂದು ನಾನು ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದೆ. ಆ ಚಳಿಗಾಲದ ಬೈಬಲ್ ನಾಟಕಕ್ಕೆ ನಮ್ಮ ತರಗತಿಗೆ ಬಂದ ವಿಷಯ, ಪ್ರಾಚೀನ ಇಸ್ರಾಯೇಲಿನ ದಶಮಾಂಶ. ಮುಖ್ಯ ಯಾಜಕನ ಪಾತ್ರ ನನಗೇ ಸಿಕ್ಕಿತು. ಪ್ರತಿಭೆಗಲ್ಲ, ಹೊಟ್ಟೆಗೆ. ಊಟದ ಮೇಜಿನಲ್ಲಿ ಅತ್ತೆಗೆ ಕಥೆ ಬಿಡಿಸಿ ಹೇಳಿದೆ: ಜನ ಬೆಳೆಯ, ಆಡುಕುರಿಗಳ ಹತ್ತರಲ್ಲೊಂದು ಪಾಲನ್ನು ದೇವಾಲಯದ ಸೇವೆಯ ಲೇವಿಯರಿಗೆ ಕೊಡುತ್ತಿದ್ದರು, ಲೇವಿಯರು ತಮಗೆ ಬಂದದ್ದರಲ್ಲಿ ಮತ್ತೆ ಹತ್ತರಲ್ಲೊಂದನ್ನು ಯಾಜಕರಿಗೆ ಕೊಡುತ್ತಿದ್ದರು. ಯಾಕೆಂದರೆ ಇವರಿಗೆ ಪಾಲಿನ ಹೊಲವೇ ಇರಲಿಲ್ಲ.

“ಹೊಲ ಇಲ್ಲದವರೆಲ್ಲ ಪಾದ್ರಿಗಳಾ? ಹಾಗಾದ್ರೆ ನಿಮ್ಮ ಈ ಬಿಲ್ಡಿಂಗ್ ತುಂಬ ಪಾದ್ರಿಗಳೇ!”

ನಕ್ಕು ನಕ್ಕು ನನಗೆ ಅನ್ನ ನೆತ್ತಿಗೇರಿತು. ಆ ಖುಷಿಯಲ್ಲೇ ಬಾಯಿ ಜಾರಿತು: “ನೀವು ಕೊಡ್ಬೇಕಾದ್ರೂ ಬೆಂಡೆ ಹತ್ತು ಆಗ್ಬೇಕು ಅತ್ತೆ. ಒಂಬತ್ತಾದ್ರೆ ದೇವರಿಗೆ ಪಾಲಿಲ್ಲ.”

ನಾನು ಹೇಳಿದ್ದು ತಮಾಷೆಗೆ. ಅವರು ಕೇಳಿಸಿಕೊಂಡದ್ದು ವೇದವಾಕ್ಯದ ಹಾಗೆ. ಮರುದಿನದಿಂದ ಕಿತ್ತ ಪ್ರತಿ ಬೆಂಡೆಯೂ ಒದ್ದೆ ಬಟ್ಟೆ ಹೊದ್ದು ಫ್ರಿಜ್ಜಿನಲ್ಲಿ ಮಲಗಿತು. ಏಳು, ಎಂಟು, ಒಂಬತ್ತು. ಅಲ್ಲಿಗೆ ಗಿಡ ಖಲಾಸ್. ಶುಕ್ರವಾರ ನಾಟಕ, ಶನಿವಾರ ಅವರ ವಿಮಾನ. ಶುಕ್ರವಾರ ಬೆಳಿಗ್ಗೆ ಎಲೆ ಎಲೆ ಮಗುಚಿ ನೋಡಿ ಬಂದು ಕೂತರು.

“ಇದ್ದ ಒಂದು ಮೊಗ್ಗೂ ಉದುರಿತು.”

“ತಮಾಷೆ ಮಾಡಿದ್ದು ಅತ್ತೆ, ಒಂಬತ್ತನ್ನೇ ಕೊಟ್ಟುಬಿಡಿ.”

“ಬೈಬಲಲ್ಲಿ ಇಲ್ಲದ್ದನ್ನು ನಾನು ಮಾಡುದಾ?” ಎಂದರು. ಆದರೂ ಬೆಂಡೆಯ ಗಂಟು ಕೈಚೀಲಕ್ಕೆ ಹೋದದ್ದನ್ನು ನಾನು ಕಂಡೆ.

ನಾಟಕದಲ್ಲಿ ನಮ್ಮ ಲೇವಿಯನಾಗಿದ್ದವನು ರುವೈಸಿನ ರಿಫೈನರಿಯಲ್ಲಿ ಸೇಫ್ಟಿ ನೋಡಿಕೊಳ್ಳುವ ನನ್ನ ಗೆಳೆಯ. ಊಟದ ಚಮಚಕ್ಕೂ ನಿಯಮಪಟ್ಟಿ ಬರೆಯುವ ಆಸಾಮಿ. ಎರಡು ಪ್ಲಾಸ್ಟಿಕ್ ಕುರ್ಚಿಗಳ ನಡುವಿನ ಸಂದೇ ದೊಡ್ಡಿಯ ಬಾಗಿಲು. ಟವೆಲ್ ಹೊದ್ದ ಮಕ್ಕಳೆಂಬ ಆಡುಗಳು ಒಂದೊಂದಾಗಿ ಅವನ ಕೋಲಿನ ಕೆಳಗೆ ನುಗ್ಗಬೇಕು, ಹತ್ತನೆಯದಕ್ಕೆ ಕೆಂಪು ಗುರುತು, ಅದು ದೇವರದು. ಒಳ್ಳೆಯದೋ ಕೆಟ್ಟದೋ ಎಂದು ನೋಡುವಂತಿಲ್ಲ, ಬದಲಾಯಿಸುವಂತಿಲ್ಲ. ಹತ್ತನೆಯ ಆಡು ನನ್ನ ಮಗಳು. ಹಾಡೂ ಅವಳದೇ.

ಒಂದು, ಎರಡು ಎಂದು ಸಾಗಿ, ಒಂಬತ್ತನೆಯ ಆಡು ದಾಟುವಾಗ ನನ್ನ ಮಗಳ ಟವೆಲ್ ಜಾರಿತು. ಮುಂದಿನ ಸಾಲಿನಿಂದ ಅತ್ತೆ ಪಿನ್ ಹಿಡಿದು ಎದ್ದು ವೇದಿಕೆ ಹತ್ತಿಯೇಬಿಟ್ಟರು.

“ಅಜ್ಜಿ, ನಾಟ್ ನೌ!” ಎಂದು ಆಡು ಇಂಗ್ಲಿಷಿನಲ್ಲಿ ಕಿರುಚಿತು.

“ನಿಲ್ಲು ಒಮ್ಮೆ, ಮಾನ ಹೋಗ್ತದೆ!”

ಹಿಂದಿನ ಆಡುಗಳು “ಯಲ್ಲಾ ಯಲ್ಲಾ” ಎಂದು ನೂಕಿದವು. ಅತ್ತೆ, ಕೈಚೀಲದ ಸಮೇತ, ಕುರ್ಚಿಗಳ ನಡುವೆ ತೂರಿ ಈಚೆ ಬಂದರು. ಕೋಲು ಇಳಿಯಿತು.

“ಹತ್ತು!” ಎಂದ ಲೇವಿಯ.

“ಅದು ನನ್ನ ಅತ್ತೆ ಮಾರಾಯ!” ಎಂದೆ ಹಲ್ಲು ಕಚ್ಚಿ.

“ಬದಲಾಯಿಸ್ಲಿಕ್ಕಿಲ್ಲ. ಪ್ರೊಸೀಜರ್ ಅಂದ್ರೆ ಪ್ರೊಸೀಜರ್.” ಅವನು ಅವರ ಮುಂಗೈ ಹಿಡಿದು ಕೆಂಪು ಗೀಟು ಎಳೆದೇಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಗಡ್ಡ ಕಳಚಿ ಎದೆಯ ಮೇಲೆ ಬಿತ್ತು.

ಅತ್ತೆ ಮಾತ್ರ ನಗಲಿಲ್ಲ. ಮುಂಗೈಯ ಗೀಟು ನೋಡಿದರು, ಕೈಚೀಲ ನೋಡಿದರು. ಆಮೇಲೆ ಅವರ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ! ನೇರ ವೇದಿಕೆಯಿಂದಿಳಿದು ನಿಜವಾದ ಫಾದರ್ ಮುಂದೆ ನಿಂತು ಬಟ್ಟೆಯ ಗಂಟು ಬಿಚ್ಚಿದರು.

“ಒಂಬತ್ತಿತ್ತು ಫಾದರ್. ಈಗ ಸರಿಯಾಯ್ತು. ಹತ್ತನೆಯದು ನಾನೇ.”

ಫಾದರ್ ಕಣ್ಣೊರೆಸಿಕೊಂಡು ನಕ್ಕರು. “ಅಂದ್ರೆ ನನ್ನ ಪಾಲಿಗೆ ಬಂದದ್ದು ನೀವು. ಬೆಂಡೆ ನಿಮಗೇ ಉಳೀತಲ್ಲ ಬಾಯಮ್ಮ?”

“ನಾನು ನಿಮ್ಮವಳಾದ ಮೇಲೆ ನನ್ನ ಬೆಂಡೆ ಇನ್ನು ಯಾರದ್ದು ಫಾದರ್?”

ಫಾದರ್ ಎರಡೂ ಕೈ ಚಾಚಿ ಒಂಬತ್ತನ್ನೂ ತೆಗೆದುಕೊಂಡರು. ಮಗಳು ಟವೆಲ್ ಹಿಡಿದುಕೊಂಡೇ ಹಾಡಿದಳು. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಲೇವಿಯ ತಂದದ್ದು ರಿಫೈನರಿಯಲ್ಲಿ ಪೈಪಿನ ಮೇಲೆ ಬರೆಯುವ, ಅಳಿಸದ ಮಾರ್ಕರ್ ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ಸೋಪು, ನಿಂಬೆ, ತೆಂಗಿನೆಣ್ಣೆ ಎಂದು ನಾವು ಹಿಂದೆ ಬಿದ್ದರೆ ಅತ್ತೆ ಕೈಯನ್ನೇ ಕೊಡಲಿಲ್ಲ. ಮರುದಿನ ಏರ್‌ಪೋರ್ಟಿನಲ್ಲಿ ನಮ್ಮತ್ತ ಬೀಸಿದ್ದೂ ಗೀಟಿದ್ದ ಆ ಕೈಯನ್ನೇ.